ಬಿಸಿಲಿಲ್ಲದ ಕಡೆಯ ಕಿಟಕಿ

ಒಂದೇ ವಸ್ತುವಿನ ಮೇಲೆ ಪ್ರೀತಿಯೂ ಭಯವೂ ಒಟ್ಟಿಗೆ ಇರಲು ಸಾಧ್ಯವೇ ಎಂದು ಯಾರಾದರೂ ಸಭೆಯಲ್ಲಿ ಕೇಳಿದರೆ, ಮದುವೆಯಾದ ಗಂಡಸರೆಲ್ಲ ಅತ್ತಿತ್ತ ನೋಡುವಷ್ಟರಲ್ಲಿ ನಾನು ಕೈ ಎತ್ತಿಬಿಡುತ್ತೇನೆ. ನನಗೆ ರೈಲೆಂದರೆ ಪ್ರಾಣ. ದೂರದಲ್ಲಿ ಎಂಜಿನ್ನಿನ ಕೂಗು ಕೇಳಿದರೆ ಬಾಯಿಗಿಟ್ಟ ತುತ್ತನ್ನು ಹಾಗೇ ಬಿಟ್ಟು ಟೆರೇಸಿಗೆ ಓಡುವವನು ನಾನು. ಆದರೆ ಅದೇ ರೈಲನ್ನು ಹತ್ತಬೇಕೆಂದರೆ ಅಂಗೈ ಬೆವರುತ್ತದೆ, ನಾಲಗೆ ಒಣಗುತ್ತದೆ. ಹುಲಿಯನ್ನು ಇಷ್ಟಪಡುವವರೆಲ್ಲ ಬೋನಿನ ಒಳಗೆ ಹೋಗಬೇಕೆಂದೇನೂ ಇಲ್ಲವಲ್ಲ. ಹಾಗೆಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ. ಈಗ ನಿಮ್ಮ ಮುಂದೆ ಹೇಳಿಕೊಳ್ಳಲು ಧೈರ್ಯ ಬಂದಿದೆಯೆಂದಲ್ಲ. ಹೆಂಡತಿಗೆ ಗೊತ್ತಾದ ಮೇಲೆ ಇನ್ನುಳಿದವರಿಂದ ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ನಾನು ಮಲ್ಲೇಶ್ವರದ ಒಂದು ಪ್ರೌಢಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ನಮ್ಮ ಬೀದಿಯ ಗಂಡಸರೆಲ್ಲ ಬೆಳಿಗ್ಗೆ ಎದ್ದು ಸ್ಯಾಂಕಿ ಕೆರೆಯ ಸುತ್ತ ಕೈ ಬೀಸಿಕೊಂಡು ನಡೆದರೆ, ನಾನು ಮಲ್ಲೇಶ್ವರದ ಸ್ಟೇಷನ್ನಿಗೆ ಹೋಗಿ, ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು, ಆಲದ ನೆರಳು ಬೀಳುವ ಕಲ್ಲುಬೆಂಚಿನ ಮೇಲೆ ಕೂರುತ್ತೇನೆ. ಸಿಟಿ ಸ್ಟೇಷನ್ನಿಂದ ಹೊರಟ ರೈಲುಗಳು ಅಲ್ಲಿ ಇನ್ನೂ ನಿದ್ದೆಗಣ್ಣಿನಲ್ಲೇ ಇರುತ್ತವೆ. ಹೊರಗಿನಿಂದ ಬರುವವು ರಾತ್ರಿಯಿಡೀ ಓಡಿ ಸುಸ್ತಾಗಿ ಸಿಗ್ನಲ್ಲಿಗೆ ಕಾಯುತ್ತಾ ನಿಂತಿರುತ್ತವೆ. ಬಾಗಿಲಲ್ಲಿ ನಿಂತು ಹಲ್ಲುಜ್ಜುವವರು, ಇಳಿಯುವ ಸ್ಟೇಷನ್ ಇದೇನಾ ಎಂದು ಕಿಟಕಿಯಿಂದ ಕೇಳುವ ಅಜ್ಜಿಯರು, ಹಳಿಗೆ ಚಕ್ರ ತಗಲುವ ಸದ್ದು, ಬ್ರೇಕಿನ ಸುಟ್ಟ ವಾಸನೆ: ಇದರ ಮುಂದೆ ಕೆರೆಯ ಬಾತುಕೋಳಿ ನನಗೆ ಏನೂ ಅಲ್ಲ. ನನ್ನ ತೊಡೆಯ ಮೇಲೆ ಒಂದು ಉದ್ದನೆಯ ನೋಟ್‌ಬುಕ್ಕು. ಅದರಲ್ಲಿ ಬಂದ ಎಂಜಿನ್ನಿನ ನಂಬರು, ಎಷ್ಟು ಬೋಗಿ, ಎಷ್ಟು ನಿಮಿಷ ತಡ ಎಂದು ಬರೆಯುತ್ತೇನೆ. ಯಾಕೆ ಬರೆಯುತ್ತೀರಿ ಎಂದು ಕೇಳಿದವರಿಗೆ ಇಂದಿನವರೆಗೂ ನನ್ನಿಂದ ಸರಿಯಾದ ಉತ್ತರ ಸಿಕ್ಕಿಲ್ಲ.

ಈ ನೋಟ್‌ಬುಕ್ಕುಗಳನ್ನು ಒದಗಿಸುವವರು ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುವ ಶಿವರುದ್ರಪ್ಪನವರು. ಅವೆನ್ಯೂ ರಸ್ತೆಯಲ್ಲಿ ಅವರಿಗೆ ತಾತನ ಕಾಲದ ಸ್ಟೇಷನರಿ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ಇವರು ವಿಭೂತಿ ಧರಿಸಿ ಬಂದು ನನ್ನ ಪಕ್ಕದಲ್ಲಿ ಕೂತು, ನಾನು ಹೇಳುವುದನ್ನೆಲ್ಲ ಭಕ್ತಿಯಿಂದ ಕೇಳುತ್ತಾರೆ. ಕೂಗಿನ ಸದ್ದಿನಲ್ಲೇ ಎಂಜಿನ್ನಿನ ಜಾತಿ ಹೇಳಬಲ್ಲೆ, ಯಾವ ಬೋಗಿಯ ಚಕ್ರ ಒಂದು ಕಡೆ ಸವೆದಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಅವರು ಸ್ಟೇಷನ್ನಿಗೆ ಬಂದವರಿಗೆಲ್ಲ, "ನಮ್ಮ ಮೇಷ್ಟ್ರಿಗೆ ಗೊತ್ತಿಲ್ಲದ ರೈಲೇ ಇಲ್ಲ, ಕೇಳಿ ಬೇಕಾದ್ರೆ" ಎನ್ನುತ್ತಾರೆ. ಅಂಥ ಹೊತ್ತಿನಲ್ಲಿ ನಾನು ನೋಟ್‌ಬುಕ್ಕಿನ ಹಾಳೆ ತಿರುವುತ್ತಾ ವಿನಯದಿಂದ ತಲೆ ತಗ್ಗಿಸುತ್ತೇನೆ.

ಭಯ ಶುರುವಾದದ್ದು ನನ್ನ ಐದನೇ ವಯಸ್ಸಿನಲ್ಲಿ. ಅಪ್ಪನ ಜೊತೆ ಮೈಸೂರಿಗೆ ಹೋಗುತ್ತಿದ್ದೆ. ಶ್ರೀರಂಗಪಟ್ಟಣ ಬಂದಾಗ ಅಪ್ಪ, "ಕಾವೇರಿ ನೋಡೋ, ಕೈ ಮುಗಿ" ಎಂದು ನನ್ನನ್ನು ಎತ್ತಿ ಕಿಟಕಿಗೆ ಹಿಡಿದರು. ಕೆಳಗೆ ನೋಡಿದೆ. ಸೇತುವೆ ಇರಬೇಕಾದ ಜಾಗದಲ್ಲಿ ನನಗೆ ಏನೂ ಕಾಣಲಿಲ್ಲ. ಕಟಕಟೆಯಿಲ್ಲ, ಗೋಡೆಯಿಲ್ಲ, ಕಿಟಕಿಯ ಕೆಳಗೆ ನೇರವಾಗಿ ನೀರು. ರೈಲು ಗಾಳಿಯಲ್ಲಿ ಹೋಗುತ್ತಿದೆ ಎಂದೇ ತಿಳಿದೆ. ಕೈ ಮುಗಿಯುವುದಿರಲಿ, ಅಪ್ಪನ ಕತ್ತನ್ನು ಹಿಡಿದವನು ಮೈಸೂರಿನಲ್ಲೂ ಬಿಡಲಿಲ್ಲವಂತೆ. ಆಮೇಲೆ ದೊಡ್ಡವನಾಗಿ ಸೇತುವೆ, ಸುರಂಗ, ಹಳಿ, ಬ್ರೇಕು ಎಲ್ಲದರ ಬಗ್ಗೆ ಓದಿದೆ, ತಿಳಿದರೆ ಭಯ ಹೋಗುತ್ತದೆಂದು. ಆದದ್ದು ತಿರುಗುಮುರುಗು. ಮೊದಲು ನನಗೆ ಒಂದೇ ಭಯವಿತ್ತು. ಓದಿದ ಮೇಲೆ ಯಾವ ಯಾವ ಬೋಲ್ಟು ಸಡಿಲವಾಗಬಹುದು ಎಂಬುದೂ ಗೊತ್ತಾಯಿತು.

ಇಂಥವನಿಗೆ ದೇವರು ಮೈಸೂರಿನಿಂದಲೇ ಹೆಣ್ಣು ಗೊತ್ತುಮಾಡಿದ. ಇಪ್ಪತ್ತೆಂಟು ವರ್ಷದಿಂದ ನಾನು ಮಾವನ ಮನೆಗೆ ಬಸ್ಸಿನಲ್ಲೇ ಹೋಗುತ್ತಿದ್ದೇನೆ. ಹೆಂಡತಿ ವಿಮಲಾ ಪ್ರತಿ ಸಲವೂ, "ರೀ, ಟ್ರೈನಲ್ಲಿ ಹೋಗೋಣ, ಆರಾಮಾಗಿರುತ್ತೆ" ಎನ್ನುವಳು. ನಾನು ಪರಿಣತನ ದನಿಯಲ್ಲಿ, "ಈ ವಾರ ಬೇಡ, ಹಳಿ ಬದಲಾಯಿಸ್ತಿದ್ದಾರೆ" ಎನ್ನುವೆ. ಬೆಂಗಳೂರು ಮೈಸೂರು ನಡುವೆ ಇಪ್ಪತ್ತೆಂಟು ವರ್ಷದಿಂದ ಹಳಿ ಬದಲಾಯಿಸುತ್ತಲೇ ಇದ್ದಾರೆಂದರೆ ಯಾರಾದರೂ ನಂಬುತ್ತಾರೆಯೇ? ಅವಳು ನಂಬಿದಳು. ರೈಲಿನ ವಿಷಯದಲ್ಲಿ ನನ್ನ ಮಾತಿಗೆ ಎದುರು ಹೇಳುವುದುಂಟೇ ಎಂಬುದು ಅವಳ ಭಾವನೆ.

ಅವಳಿಗೆ ಇನ್ನೊಂದು ಆಸೆಯಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯನ್ನು ಹಗಲು ರೈಲಿನಲ್ಲಿ ಕೂತು ನೋಡಬೇಕು. ಮದುವೆಯಾದ ಹೊಸತರಲ್ಲಿ, ಭೂಗೋಳದ ಮೇಷ್ಟ್ರು ಎಂಬ ಹುರುಪಿನಲ್ಲಿ, ನಾನೇ ಆ ಘಾಟಿಯನ್ನು ವರ್ಣಿಸಿ ಈ ಆಸೆಯನ್ನು ಅವಳ ತಲೆಯಲ್ಲಿ ಬಿತ್ತಿದ್ದು. ಅದಕ್ಕಾಗಿ ಈಗಲೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ಒಂದರ ಹಿಂದೆ ಒಂದು ಸುರಂಗ, ಒಂದನ್ನು ಬಿಟ್ಟು ಹೊರಗೆ ಬಂದರೆ ಸೇತುವೆ, ಸೇತುವೆಯ ಕೆಳಗೆ ಪಾತಾಳ. ಮಳೆಗಾಲದಲ್ಲಿ ಅವಳು ಕೇಳಿದರೆ ಗುಡ್ಡ ಕುಸಿಯುತ್ತದೆ ಎಂದೆ. ಬೇಸಿಗೆಯಲ್ಲಿ ಕೇಳಿದರೆ ಬಿಸಿಲಿಗೆ ಹಳಿ ಹಿಗ್ಗುತ್ತದೆ ಎಂದೆ. ಚಳಿಗಾಲದಲ್ಲಿ ಕೇಳಿದರೆ ಹಿಗ್ಗಿದ ಹಳಿ ಕುಗ್ಗುತ್ತದೆ, ಜೊತೆಗೆ ಮಂಜು ಎಂದೆ. ಒಟ್ಟಿನಲ್ಲಿ ನನ್ನ ಪ್ರಕಾರ ವರ್ಷದಲ್ಲಿ ರೈಲು ಓಡಲು ಯೋಗ್ಯವಾದ ತಿಂಗಳೇ ಇರಲಿಲ್ಲ.

ಕಳೆದ ವರ್ಷ ಯಾರೋ ಅವಳ ಮೊಬೈಲಿಗೆ ಆ ಘಾಟಿಯ ವಿಡಿಯೊ ಕಳಿಸಿದರು. ಊಟಕ್ಕೆ ಕೂತಾಗಲೆಲ್ಲ ಅವಳು ಅದನ್ನು ಹಾಕಿ ನೀರಿನ ಚೊಂಬಿಗೆ ಒರಗಿಸಿ ಇಡುತ್ತಿದ್ದಳು. ನಾನು ಸಾರನ್ನ ಕಲಸುತ್ತಾ ತಟ್ಟೆಯನ್ನೇ ನೋಡುತ್ತಿದ್ದೆ. ಒಂದು ದಿನ ಸ್ಕೂಲಿನಿಂದ ಬಂದಾಗ, "ಟಿಕೆಟ್ ಬುಕ್ ಮಾಡಿದೀನಿ, ಬರೋ ತಿಂಗಳು ಮೊದಲನೇ ಭಾನುವಾರ, ಯಶವಂತಪುರದಿಂದ" ಎಂದಳು. ಆಮೇಲೆ ದನಿ ತಗ್ಗಿಸಿ, "ನಂಗೂ ಮಂಡಿ ನೋವು ಶುರುವಾಗಿದೆ ರೀ. ಇನ್ನು ಎಷ್ಟು ವರ್ಷ ಮೆಟ್ಟಿಲು ಹತ್ತಿ ಇಳಿದು ಮಾಡ್ತೀನೋ" ಎಂದಳು. ಇದಕ್ಕೆ ನನ್ನ ಬಳಿ ಯಾವ ಋತುವೂ ಇರಲಿಲ್ಲ.

ಅಲ್ಲಿಂದ ಮೂರು ಭಾನುವಾರ ನಾನು ಯಶವಂತಪುರಕ್ಕೆ ಹೋಗಿ ಆ ರೈಲನ್ನು ಕಣ್ಣಾರೆ ಪರೀಕ್ಷಿಸಿದೆ. ಮೆಟ್ರೊದಲ್ಲಿ ಹೋಗಬಹುದಿತ್ತು, ಆದರೆ ಅದು ಕಂಬಗಳ ಮೇಲೆ ಓಡುತ್ತದೆ, ಬಸ್ಸಿನಲ್ಲಿ ಹೋದೆ. ಬೋಗಿ ಬೋಗಿಯ ಕೊಂಡಿ ನೋಡಿದೆ. ಎಂಜಿನ್ನಿನ ಡ್ರೈವರ್ ಮುಖದಲ್ಲಿ ನಿದ್ದೆಯಿದೆಯೇ ಎಂದು ಇಣುಕಿದೆ. ಮೂರು ಭಾನುವಾರವೂ ಒಂದೇ ಎಂಜಿನ್ನು, ನಂಬರಿನ ಕೊನೆಯಲ್ಲಿ ನಾನೂರ ಹದಿನೇಳು. ಗಂಭೀರವಾಗಿ, ಹಣೆಯ ಮೇಲೆ ಒಂದು ಗೀರಿನೊಂದಿಗೆ, ಮನೆಯ ಹಿರಿಯನ ಹಾಗೆ ನಿಂತಿರುತ್ತಿತ್ತು. ಭಯಪಡುವವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ನಾನು ನಾನೂರ ಹದಿನೇಳನ್ನು ಹಿಡಿದುಕೊಂಡೆ. ಇದು ಎಳೆದರೆ ಏನೂ ಆಗುವುದಿಲ್ಲ ಎಂದು ಮನಸ್ಸಿಗೆ ಹೇಳಿ ಹೇಳಿ ಒಪ್ಪಿಸಿದೆ.

ಆ ಭಾನುವಾರ ಬಂತು. ವಿಮಲಾ ಇಳಕಲ್ ಸೀರೆ ಉಟ್ಟು, ಪುಳಿಯೋಗರೆ ಕಟ್ಟಿಕೊಂಡು, ಮದುವೆಗೆ ಹೊರಟವಳ ಹಾಗೆ ಹೊರಟಳು. ಯಶವಂತಪುರದಲ್ಲಿ ಪ್ಲಾಟ್‌ಫಾರ್ಮಿನ ಎಡಕ್ಕೊಂದು ಬಲಕ್ಕೊಂದು ರೈಲು ನಿಂತಿದ್ದವು, ಎರಡೂ ನೀಲಿ. "ರೀ, ಯಾವುದು ಅಂತ ಬೋರ್ಡು ನೋಡೋಣ" ಎಂದಳು. ಗದ್ದಲದಲ್ಲಿ ಅನೌನ್ಸ್‌ಮೆಂಟೂ ಕೇಳುತ್ತಿರಲಿಲ್ಲ. ನಾನು ನಕ್ಕೆ. "ಬೋರ್ಡು ನೋಡೋದು ಸಾಮಾನ್ಯ ಪ್ಯಾಸೆಂಜರುಗಳು. ನಾವು ಎಂಜಿನ್ ನೋಡ್ತೀವಿ" ಎಂದು ಮುಂದಕ್ಕೆ ಹೋದೆ. ಎಡಗಡೆಯ ರೈಲಿನ ತಲೆಯಲ್ಲಿ ನಾನೂರ ಹದಿನೇಳು, ಅದೇ ಗೀರು. ಹೋದ ಜೀವ ಬಂದಂತಾಯಿತು. ಬೋಗಿ ಡಿ ನಾಲ್ಕು, ಸೀಟು ಮೂವತ್ತೊಂದು ಮೂವತ್ತೆರಡು, ಖಾಲಿ. ಅವಳನ್ನು ಕಿಟಕಿಗೆ ಕೂರಿಸಿ, ನಾನು ಪಕ್ಕದಲ್ಲಿ ಕೂತು ಮುಂದಿನ ಸೀಟಿನ ಕಂಬಿಯನ್ನು ಭದ್ರವಾಗಿ ಹಿಡಿದೆ. ರೈಲು ಹೊರಟಿತು.

ಚಿಕ್ಕಬಾಣಾವರದಲ್ಲಿ ರೈಲು ನಿಂತಿತು. ಯಾವುದೋ ಗಾಡಿಗೆ ದಾರಿ ಬಿಡಲು ಇರಬೇಕು ಎಂದುಕೊಳ್ಳುವಷ್ಟರಲ್ಲಿ ನಮ್ಮ ಎಡಗಡೆಯ ಪ್ಲಾಟ್‌ಫಾರ್ಮಿನ ಆಚೆ ಬದಿಗೆ ಇನ್ನೊಂದು ನೀಲಿ ರೈಲು ನಿಧಾನವಾಗಿ ಬಂದು ನಿಂತಿತು. ವಿಮಲಾ ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದಳು. ಕಿಟಕಿಯ ನೇರಕ್ಕೆ ಅದರ ಬೋರ್ಡು. ಯಶವಂತಪುರ, ಕೆಳಗೆ ಮಂಗಳೂರು. ಹಾಗಾದರೆ ನಾವು ಕೂತಿರುವುದು ಅದೇ ಹೊತ್ತಿಗೆ ಹೊರಡುವ ಹುಬ್ಬಳ್ಳಿ ಕಡೆಯ ರೈಲು. ನಾನೂರ ಹದಿನೇಳನ್ನು ಈ ವಾರ ಬೇರೆ ಗಾಡಿಗೆ ಕಟ್ಟಿದ್ದಾರೆ. ಎಂಜಿನ್ನು ಯಾವ ಗಾಡಿಯ ಆಸ್ತಿಯೂ ಅಲ್ಲ, ದಿನಕ್ಕೊಂದು ಕಡೆ ಕಳಿಸುತ್ತಾರೆ ಎಂಬುದನ್ನು ನಾನೇ ಶಿವರುದ್ರಪ್ಪನವರಿಗೆ ನೂರು ಸಲ ಹೇಳಿದ್ದೆ.

ಇಲ್ಲಿಯವರೆಗೆ ನಡೆದದ್ದು ತಪ್ಪು. ಮುಂದಿನದಕ್ಕೆ ಏನು ಹೆಸರಿಡಬೇಕೋ ನೀವೇ ಹೇಳಿ. ಎರಡು ರೈಲಿನ ನಡುವೆ ಹತ್ತು ಹೆಜ್ಜೆಯ ಪ್ಲಾಟ್‌ಫಾರ್ಮು. "ವಿಮಲಾ, ಏಳು, ಇಳಿ" ಎಂದಿದ್ದರೆ ಒಂದು ನಿಮಿಷದಲ್ಲಿ ಅಲ್ಲಿಗೆ ಹತ್ತಬಹುದಿತ್ತು. ಹುಬ್ಬಳ್ಳಿಯ ದಾರಿಯಲ್ಲಿ ಬಯಲಿದೆ, ತೆಂಗಿನ ತೋಟವಿದೆ, ನನಗೆ ತಿಳಿದಂತೆ ಬೆಚ್ಚಿಬೀಳಿಸುವಂಥದ್ದೇನೂ ಇಲ್ಲ. ಮುಂದಿನ ಸೀಟಿನ ಕಂಬಿಯನ್ನು ಹಿಡಿದಿದ್ದ ಕೈಯನ್ನು ಆ ಗಳಿಗೆಯಲ್ಲಿ ಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟು ನೆಮ್ಮದಿ ನನಗೆ ಪೆನ್ಷನ್ ಬಂದರೂ ಆಗಲಾರದು. ವಿಮಲಾ ಕೈಗೆ ಸಿಕ್ಕ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಮೂಗಿಗೇರಿಸಿಕೊಳ್ಳುವ ಮೊದಲು ನಾನು ಅವಳ ಮೇಲಿಂದ ಕೈ ಚಾಚಿ ಕಿಟಕಿಯ ಕಬ್ಬಿಣದ ಷಟರನ್ನು ಎಳೆದುಬಿಟ್ಟೆ.

"ಯಾಕ್ರೀ?" ಎಂದಳು.

"ಬಿಸಿಲು. ನಿನ್ನ ಕಣ್ಣಿಗೆ ಹೊಡೀತಿದೆ" ಎಂದೆ.

"ಪರವಾಗಿಲ್ಲ ಬಿಡಿ" ಎಂದವಳು ಆಮೇಲೆ ನನ್ನ ಕಾಳಜಿಗೆ ಮೆಚ್ಚಿ ಸುಮ್ಮನಾದಳು. ಆಚೆ ರೈಲು ಕೂಗಿ ಹೊರಟುಹೋದ ಸದ್ದು ಕೇಳಿಸಿತು. ಪೂರಾ ಹೋಗುವವರೆಗೂ ಷಟರಿನ ಮೇಲಿಂದ ಕೈ ತೆಗೆಯಲಿಲ್ಲ.

ತುಮಕೂರಿನಲ್ಲಿ ಒಂದು ಸಂಸಾರ ಹತ್ತಿ, ಇದು ನಮ್ಮ ಸೀಟು ಎಂದಿತು. ಟಿ.ಟಿ. ಬಂದು ನಮ್ಮ ಟಿಕೆಟ್ ನೋಡಿ, "ಸಾರ್, ಇದು ಹುಬ್ಬಳ್ಳಿ ಗಾಡಿ, ನಿಮ್ಮದು ಮಂಗಳೂರಿಂದು. ಬೋರ್ಡು ನೋಡಿ ಹತ್ತಬೇಕಲ್ವಾ?" ಎಂದರು. ನಾನು ಆಶ್ಚರ್ಯವನ್ನು ನಟಿಸಿದೆ. ಮೂವತ್ತು ವರ್ಷ ಮಕ್ಕಳ ಕಳ್ಳಾಟ ಹಿಡಿದವನಿಗೆ ನಟನೆ ಕಷ್ಟವಾಗಲಿಲ್ಲ. ಇಳಿದು ತುಮಕೂರಿನ ಬೆಂಚಿನ ಮೇಲೆ ಕೂತು ಪುಳಿಯೋಗರೆ ತಿಂದೆವು. ವಿಮಲಾ ಜಗಳವಾಡಲಿಲ್ಲ. "ಹೋಗ್ಲಿ ಬಿಡಿ, ಯಾರಾದ್ರೂ ತಪ್ಪು ಮಾಡೇ ಮಾಡ್ತಾರೆ" ಎಂದಳು. ನನ್ನ ಪಾಲಿನಲ್ಲಿ ಉಳಿದದ್ದನ್ನು ಅವಳ ಕಡೆಗೆ ಸರಿಸಿದೆ.

ಮರುದಿನ ಬೆಂಚಿನಲ್ಲಿ ಇನ್ನೊಂದು ಪರೀಕ್ಷೆ. ಶಿವರುದ್ರಪ್ಪನವರು ಘಾಟಿಯ ವರ್ಣನೆ ಕೇಳಲು ಅರ್ಧ ಗಂಟೆ ಮುಂಚೆಯೇ ಬಂದು ಕೂತಿದ್ದರು. ತಪ್ಪು ಗಾಡಿ ಹತ್ತಿದೆ ಎಂದರೆ ಪರಿಣತನ ಮಾನ ಹೋಗುತ್ತದೆ. ಬೇಕೆಂದೇ ಇಳಿಯಲಿಲ್ಲ ಎಂದರೆ ಗಂಡಸಿನ ಮಾನ ಹೋಗುತ್ತದೆ. ಯಾವ ಮಾನ ಅಗ್ಗವೆಂದು ಯೋಚಿಸಿ, ತಪ್ಪು ಗಾಡಿಯ ಕತೆಯನ್ನೇ ಹೇಳಿದೆ, ಎಂಜಿನ್ ಬದಲಾಯಿಸಿದವರ ಮೇಲೆ ಸ್ವಲ್ಪ ಸಿಟ್ಟನ್ನೂ ಸೇರಿಸಿದೆ. ಅವರು, "ಅಲ್ಲ ಮೇಷ್ಟ್ರೇ, ನಮ್ಮ ಅಂಗಡಿಗೆ ಬರೋರೂ ಬೋರ್ಡು ನೋಡೇ ಬರ್ತಾರೆ. ಬಾಗಿಲಲ್ಲಿ ನಿಂತಿರೋ ಗುಮಾಸ್ತನ ಮುಖ ನೋಡಿ ಬಂದ್ರೆ, ಅವನು ಪಕ್ಕದಂಗಡಿಗೆ ಟೀ ಕುಡಿಯೋಕೆ ಹೋಗಿರ್ತಾನೆ" ಎಂದರು. ಅಂದಿನಿಂದ ಸ್ಟೇಷನ್ನಿಗೆ ಬಂದವರು ಏನಾದರೂ ಕೇಳಿದರೆ ಅವರು ವಿಚಾರಣೆ ಕೌಂಟರಿನ ಕಡೆ ಕೈ ತೋರಿಸುತ್ತಾರೆ.

ಅದನ್ನೂ ನುಂಗಿಕೊಂಡೆ. ಆದರೆ ಮೂರನೆಯ ದಿನ ಬೆಳಿಗ್ಗೆ ವಿಮಲಾ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಾನು ಕ್ಲಿಪ್ಪು ಕೊಡುತ್ತಿದ್ದೆ. "ರೀ, ತುಮಕೂರು ನಮ್ಮೂರಿಗೆ ಯಾವ ದಿಕ್ಕು?" ಎಂದಳು. ಭೂಗೋಳದ ಪ್ರಶ್ನೆ ಕೇಳಿದರೆ ನನಗೆ ಹಿಂದುಮುಂದು ಗೊತ್ತಾಗುವುದಿಲ್ಲ. "ವಾಯವ್ಯ" ಎಂದೆ ಹೆಮ್ಮೆಯಿಂದ. "ನಮ್ಮ ಕಿಟಕಿ ಎಡಗಡೆ ಅಲ್ವಾ ಇದ್ದದ್ದು?" ಹೌದು ಎಂದೆ. "ಅಂದ್ರೆ ಎಡಗಡೆ ಪಶ್ಚಿಮ." ಹೆಚ್ಚುಕಡಿಮೆ ಹೌದು ಎಂದೆ. ಅವಳು ಒದ್ದೆ ಟವೆಲ್ಲನ್ನು ಕೊಡವಿ ಹಗ್ಗಕ್ಕೆ ಹಾಕಿ, ನನ್ನ ಕಡೆ ತಿರುಗಿ, "ಬೆಳಿಗ್ಗೆ ಎಂಟು ಗಂಟೆಗೆ ಪಶ್ಚಿಮದಿಂದ ಬಿಸಿಲು ಹೇಗ್ರೀ ಹೊಡೀತು?" ಎಂದಳು. ನನ್ನ ಕೈಯಲ್ಲಿದ್ದ ಕ್ಲಿಪ್ಪುಗಳೆಲ್ಲ ಕೆಳಗೆ ಬಿದ್ದವು.

ಹೇಳಿದೆ. ಷಟರಿನಿಂದ ಶುರುಮಾಡಿ, ಹಿಗ್ಗಿದ ಹಳಿ, ಕುಗ್ಗಿದ ಹಳಿ, ಮೈಸೂರಿನ ಬಸ್ಸು, ಶ್ರೀರಂಗಪಟ್ಟಣದವರೆಗೂ ಹಿಂದಕ್ಕೆ ಹೋಗಿ ಎಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ಇಲ್ಲವೇ ಬೈಯುತ್ತಾಳೆ ಎಂದು. ಎರಡೂ ಮಾಡಲಿಲ್ಲ. ಬಕೆಟ್ಟಿನ ಅಂಚಿನ ಮೇಲೆ ಕೈಯಿಟ್ಟು, "ನಂಗೂ ಸೇತುವೆ ಅಂದ್ರೆ ಜೀವ ಹೋಗುತ್ತೆ ರೀ. ಒಬ್ಬಳೇ ಹೋಗೋಕೆ ಧೈರ್ಯ ಇರ್ಲಿಲ್ಲ. ಅಷ್ಟೆಲ್ಲ ತಿಳ್ಕೊಂಡಿರೋರು ಪಕ್ಕದಲ್ಲಿ ಕೂತಿದ್ರೆ ಏನೂ ಆಗಲ್ಲ ಅಂತ ಇಪ್ಪತ್ತೆಂಟು ವರ್ಷ ಕಾದೆ" ಎಂದಳು. ಆಮೇಲೆ ಬಗ್ಗಿ ಕ್ಲಿಪ್ಪು ಆರಿಸತೊಡಗಿದಳು. ನಾನೂ ಬಗ್ಗಿದೆ. ಅವಳ ಮುಖ ನೋಡಲು ನನಗಾಗಲಿಲ್ಲ.

ಅವಳು ಮತ್ತೆ ಟಿಕೆಟ್ ಬುಕ್ ಮಾಡಿದಳು, ಒಂದೇ ಟಿಕೆಟ್. ಆ ಬೆಳಿಗ್ಗೆ ಯಶವಂತಪುರದಲ್ಲಿ ಎಂಜಿನ್ನಿನ ಕಡೆ ತಿರುಗಿಯೂ ನೋಡದೆ, ಬೋರ್ಡನ್ನು ಗಟ್ಟಿಯಾಗಿ ಓದಿ, ಮೆಟ್ಟಿಲು ಹತ್ತಿದಳು. ಬಾಗಿಲ ಕಂಬಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದದ್ದು ನನಗೆ ಕಂಡಿತು. ಕಂಡೂ ನಾನು ಪ್ಲಾಟ್‌ಫಾರ್ಮಿನ ಮೇಲೇ ನಿಂತಿದ್ದೆ. ಮನೆಗೆ ಬಂದು ಮೊಬೈಲಿನಲ್ಲಿ ರೈಲು ಎಲ್ಲಿದೆ ಎಂದು ನೋಡುತ್ತಾ ಕೂತೆ. ಸಕಲೇಶಪುರ ದಾಟಿದ ಮೇಲೆ ಚುಕ್ಕೆ ನಿಂತುಬಿಟ್ಟಿತು. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದಲ್ಲಿಲ್ಲ. ಆ ಎರಡು ಗಂಟೆಗಳಲ್ಲಿ ನಮ್ಮ ನಡುಮನೆಯಲ್ಲಿ ಕೂತೇ ನಾನು ಎಲ್ಲ ಸುರಂಗ, ಎಲ್ಲ ಸೇತುವೆ ದಾಟಿದೆ, ಒಂದೊಂದನ್ನೂ ನಾಲ್ಕು ನಾಲ್ಕು ಸಲ. ಫ್ಯಾನು ತಿರುಗುತ್ತಿತ್ತು, ಬನಿಯನ್ನು ಒದ್ದೆಯಾಗಿತ್ತು. ರೈಲಿನಲ್ಲಿ ಕೂತಿದ್ದರೆ ಒಂದೇ ಸಲ ಹೆದರಿ ಮುಗಿಯುತ್ತಿತ್ತು ಎಂದು ಆಗ ಹೊಳೆಯಿತು.

ಸುಬ್ರಹ್ಮಣ್ಯದಿಂದ ಅವಳ ಫೋನು ಬಂತು. ದನಿಯಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು. ಬಂಡೆಯ ಮೇಲಿಂದ ನೀರು ಕಿಟಕಿಗೇ ಸಿಡಿಯಿತಂತೆ, ಸುರಂಗ ಬಂದಾಗಲೆಲ್ಲ ಬೋಗಿಯವರೆಲ್ಲ ಮಕ್ಕಳ ಹಾಗೆ ಕೂಗಿದರಂತೆ, ಇವಳೂ ಕೂಗಿದಳಂತೆ. "ಸೇತುವೆ ಮೇಲೆ?" ಎಂದು ಕೇಳಿದೆ. "ಅಯ್ಯೋ, ಪಕ್ಕದ ಸೀಟಲ್ಲಿ ಒಬ್ಬರು ಯಜಮಾನರು ಕೂತಿದ್ರು ರೀ. ಸೇತುವೆ ಕಟ್ಟಿಸೋ ಎಂಜಿನಿಯರಾಗಿದ್ದು ರಿಟೈರ್ ಆದವರಂತೆ. ಹತ್ತಿ ಕೂತು ಐದು ನಿಮಿಷಕ್ಕೇ, 'ಅಮ್ಮಾ, ನಂಗೆ ಸೇತುವೆ ಅಂದ್ರೆ ಭಯ, ತಪ್ಪು ತಿಳ್ಕೋಬೇಡಿ' ಅಂತ ಹೇಳ್ಬಿಟ್ರು. ನಂಗೂ ಭಯ ಅಂದೆ. ಇಬ್ರೂ ಕೈ ಕೈ ಹಿಡ್ಕೊಂಡು ಕಣ್ಣು ಬಿಟ್ಕೊಂಡೇ ನೋಡಿದ್ವಿ. ಪಾಪ, ತುಂಬಾ ಒಳ್ಳೆ ಮನುಷ್ಯ."

ಸೇತುವೆ ಕಟ್ಟಿದವನೇ ಹೆದರುತ್ತಾನೆಂದರೆ ನನ್ನ ಭಯಕ್ಕೆ ಆಧಾರವಿದೆ ಎಂದು ಒಂದು ಗಳಿಗೆ ಸಮಾಧಾನವಾದದ್ದು ನಿಜ. ಮರುಗಳಿಗೆಯಲ್ಲೇ, ಇಪ್ಪತ್ತೆಂಟು ವರ್ಷದಲ್ಲಿ, ಸಿಕ್ಕಿಬೀಳುವವರೆಗೂ, ನನ್ನ ಬಾಯಿಂದ ಬರದ ಮಾತನ್ನು ಆ ಮಹಾನುಭಾವ ಐದು ನಿಮಿಷದಲ್ಲಿ ಹೇಳಿ, ನಾನು ಕೂರಬೇಕಾಗಿದ್ದ ಜಾಗದಲ್ಲಿ ಕೂತು, ನಾನು ಹಿಡಿಯಬೇಕಾಗಿದ್ದ ಕೈ ಹಿಡಿದು ಹೋದನೆಂಬುದು ಅರ್ಥವಾಯಿತು. ಪಾತಾಳ ಕಂಡಾಗ ಆಗುವ ಭಯ ಅದರ ಮುಂದೆ ಏನೂ ಅಲ್ಲ.

ಅವತ್ತೇ ನಾನೇ ಎರಡು ಟಿಕೆಟ್ ಬುಕ್ ಮಾಡಿದೆ. ಬರುವ ಭಾನುವಾರ ಹೊರಡಬೇಕು. ಹೆದರಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ರೈಲು ಹತ್ತಿದ ಕೂಡಲೇ "ವಿಮಲಾ, ನಂಗೆ ಭಯ ಆಗ್ತಿದೆ, ಕೈ ಕೊಡು" ಎಂದು ಹೇಳಿಬಿಡಬೇಕೆಂದು ತೀರ್ಮಾನಿಸಿ, ಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದೇನೆ. "ವಿಮಲಾ" ಎನ್ನುವವರೆಗೂ ಚೆನ್ನಾಗಿ ಬರುತ್ತದೆ. ಅಡಿಗೆಮನೆಯಿಂದ "ಏನ್ರೀ?" ಎಂಬ ದನಿ ಕೇಳಿದೊಡನೆ, "ಏನಿಲ್ಲ, ಸ್ವಲ್ಪ ಕಾಫಿ" ಎಂದುಬಿಡುತ್ತೇನೆ. ಇವತ್ತು ಬೆಳಗಿನಿಂದ ಆರು ಲೋಟ ಆಗಿದೆ.